ಗಾಜಿನೊಳಗಿನ ಟಗರು

ಸೌರ ವಿದ್ಯುತ್ತು ಬಲು ಸಾಧು ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಯಾರಿಗೂ ತಂಟೆಯಿಲ್ಲ ಎನ್ನುತ್ತಾರೆ. ಅವರು ಗಡಿಯಾಚೆಗಿನ ನಮ್ಮ ಜತ್ತ ತಾಲೂಕಿಗೆ ಬಂದು ಊರ ಹೊರಗೆ ನಾಲ್ಕಾರು ಮನೆಗಳ ಒಂದೇ ಒಂದು ವಸ್ತಿಗೆ ದೀಪ ಹಾಕಿ ತೋರಿಸಲಿ. ತೊಂಬತ್ತರ ದಶಕದ ಕೊನೆಯಿಂದ ನಾನು ಅದೇ ಕೆಲಸದಲ್ಲಿ ಸವೆದವನು. ಸರಕಾರದ ಕಂಬ ಬಾರದ ಕಡೆ ಬಿಸಿಲಿನಿಂದ ಕರೆಂಟು ತೆಗೆದು, ಅದು ಕೆಟ್ಟು ಕೂರದಂತೆ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಈ ಹೊಟ್ಟೆಪಾಡಿನಲ್ಲಿ ತಿಂದಷ್ಟು ಹೊಡೆತವನ್ನು ನಾನು ಅಪ್ಪನ ಕೈಯಲ್ಲೂ ತಿಂದಿಲ್ಲ. ನನ್ನ ಕೈಯಿಂದ ತಿಂದವರೂ ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ.

ನಾನು ಬಿಳೂರಿನವನು. ನಮ್ಮದು ಕಿರಾಣಿ ಅಂಗಡಿಯ ಮನೆ. ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡುವವರು, ಗಿರಾಕಿ ಬೈದರೂ ನಕ್ಕು ಸಕ್ಕರೆ ಕಟ್ಟಿಕೊಡುವವರು. ಆ ತಾಳ್ಮೆ ನನ್ನ ಪಾಲಿಗೆ ಬರಲಿಲ್ಲ. ಒಮ್ಮೆ ಯಳವಿಯ ಹೊರಗಿನ ಒಂದು ವಸ್ತಿಯಲ್ಲಿ, ಎಲ್ಲರಿಗೂ ಸೇರಿದ ಬ್ಯಾಟರಿಗೆ ಒಬ್ಬನು ಕಳ್ಳ ವೈರು ಸಿಕ್ಕಿಸಿ ಟಿವಿ ನಡೆಸುತ್ತಿದ್ದ. ಬ್ಯಾಟರಿ ಸತ್ತು ವಸ್ತಿಯೆಲ್ಲ ಕತ್ತಲಾಯಿತು. ನಾನು ಹೋಗಿ ವೈರು ಕಿತ್ತೆ. ಅವನು ಬಾರಕೋಲು ತಂದ. ಬೆನ್ನ ಮೇಲೆ ಬಾಸುಂಡೆ ಎದ್ದರೂ ನಾನು ವೈರು ಬಿಡಲಿಲ್ಲ, ಅದನ್ನೇ ಅವನ ಕೊರಳಿಗೆ ಸುತ್ತಿದೆ. ಬಿಡಿಸಿದವನು ನನ್ನ ಜೊತೆಗಾರ ಮಿಸ್ತ್ರಿ. ಜತ್ತದಲ್ಲಿ ಅವನ ವೆಲ್ಡಿಂಗ್ ಅಂಗಡಿ. ನಾನು ಕೂರಿಸುವ ಪ್ಲೇಟುಗಳಿಗೆಲ್ಲ ಕಬ್ಬಿಣದ ಸ್ಟ್ಯಾಂಡು ಮಾಡಿಕೊಡುವವನು ಅವನೇ. ಬಿಸಿಲು ಕುಡಿದು ಕರೆಂಟು ಕೊಡುವ ಗಾಜಿನ ಹಲಗೆಗಳಿಗೆ ನಮ್ಮ ಕಡೆ ಪ್ಲೇಟು ಎಂದೇ ಹೆಸರು. ಮಿಸ್ತ್ರಿ ಲೆಕ್ಕ ಹೇಳುವಾಗ ಮರಾಠಿ, ಹರಟೆಗೆ ಕನ್ನಡ, ಸಿಟ್ಟು ಬಂದರೆ ಮನೆಮಾತಾದ ದಖನಿ. ನನ್ನ ಜೊತೆ ಇದ್ದಾಗ ಹೆಚ್ಚಾಗಿ ದಖನಿಯಲ್ಲೇ ಇರುತ್ತಿದ್ದ.

ನಾನೀಗ ಹೇಳಹೊರಟದ್ದು ಮಾಡಗ್ಯಾಳದ ಆಚೆಯ ಒಂದು ಕುರಿಗಾರರ ವಸ್ತಿಯ ಮಾತು. ಮಾಡಗ್ಯಾಳದ ಕುರಿ ಗೊತ್ತಿಲ್ಲದವರಿಲ್ಲ. ಗಿಳಿಮೂಗು, ಉದ್ದ ಕಿವಿ, ಬಿಳಿ ಮೈಮೇಲೆ ಕಂದು ಮಚ್ಚೆ. ಮೂಗಿನ ಬಾಗು ನೋಡಿಯೇ ವ್ಯಾಪಾರ ಕುದುರುತ್ತದೆ. ಈ ವಸ್ತಿಯವರಿಗೆ ಅಂಥ ಕುರಿಗಳು ಬೇಕಾದಷ್ಟಿದ್ದವು, ನೀರು ಮಾತ್ರ ಇರಲಿಲ್ಲ. ಹೆಂಗಸರು ಹಳ್ಳದಾಚೆಯ ಬಾವಿಗೆ ಹೋಗಿ ತಲೆಯ ಮೇಲೆ ಹೊತ್ತು ತರಬೇಕು. ನಾವು ಒಂದು ಬೋರು ಕೊರೆಸಿ, ಬಿಸಿಲಿನಿಂದ ನಡೆಯುವ ಪಂಪು ಇಳಿಸಿ, ನೀರಿನ ಟಾಕಿ ಕಟ್ಟಿ, ಪಕ್ಕದಲ್ಲಿ ಕುರಿ ಕುಡಿಯಲು ಕಲ್ಲಿನ ದೋಣಿ ಇಟ್ಟೆವು. ಪಂಪಿಗೆ ಮಿಕ್ಕ ಕರೆಂಟು ಬ್ಯಾಟರಿಗೆ. ಬ್ಯಾಟರಿಯಿಂದ ಮನೆಗೊಂದು ದೀಪ.

ಪ್ಲೇಟುಗಳನ್ನು ನಾನು ಬೇಕೆಂದೇ ಕೆಳಗೆ ಕೂರಿಸಿದೆ. ಕೆಳ ಅಂಚು ಮೊಣಕಾಲಿಗೆ, ಮೇಲಂಚು ಎದೆಮಟ್ಟಕ್ಕೆ. ಹಿಂದೆ ಬೇರೆ ಊರುಗಳಲ್ಲಿ ಎತ್ತರದ ಕಂಬದ ಮೇಲೆ ಹಾಕಿ ಅನುಭವಿಸಿದ್ದೆ. ನಮ್ಮ ತಾಲೂಕಿನ ಗಾಳಿಗೆ ಧೂಳು ಬಿಟ್ಟರೆ ಬೇರೆ ಕಸುಬಿಲ್ಲ. ಮೇಲೆ ಹತ್ತಿ ಒರೆಸುವವರು ಯಾರೂ ಇರುವುದಿಲ್ಲ. ಬೇಸಿಗೆ ಮುಗಿಯುವುದರೊಳಗೆ ಗಾಜಿನ ಮೇಲೆ ರೊಟ್ಟಿ ದಪ್ಪದ ಮಣ್ಣು ಕೂತು ಪಂಪು ತೊಟ್ಟಿಕ್ಕತೊಡಗುತ್ತದೆ. ಆಮೇಲೆ ಎಂಜಿನಿಯರನಿಗೆ ಬೈಗುಳ. ಕೆಳಗಿದ್ದರೆ ಯಾವ ಹೆಂಗಸಾದರೂ ಅರಿವೆ ತೆಗೆದುಕೊಂಡು ನಿಂತಲ್ಲೇ ಒರೆಸಬಹುದು. ಕುರಿ ನುಗ್ಗದಂತೆ ಸುತ್ತ ಜಾಲಿಮುಳ್ಳಿನ ಬೇಲಿ ಹಾಕಿಸಿದೆ. ಇವತ್ತು ಕೇಳಿದರೂ ಪ್ಲೇಟು ಕೆಳಗೇ ಇರಬೇಕೆನ್ನುತ್ತೇನೆ.

ಮೊದಲ ವರ್ಷ ನೀರಿನ ವಾಲ್ವಿನ ಚಾವಿ ಇದ್ದದ್ದು ವಸ್ತಿಯ ಒಬ್ಬ ಜಬರದಸ್ತ ಕುರಿಗಾರನ ಕೈಯಲ್ಲಿ. ಅವನಿಗೆ ಕೊಡಿಸಿದವನು ನಾನೇ. ಅವನು ಕೆಮ್ಮಿದರೆ ಸಾಕು, ಕಳ್ಳ ವೈರು ಹಾಕುವವರು ಹಿಂದೆ ಸರಿಯುತ್ತಿದ್ದರು. ಬ್ಯಾಟರಿ ಕೋಣೆಯ ಬೀಗ ಅಲುಗಿಸಿದ ಒಬ್ಬನನ್ನು ಅವನು ಎತ್ತಿ ಮುಳ್ಳುಬೇಲಿಯ ಮೇಲೆ ಒಗೆದಿದ್ದ. ನನಗೆ ಅಂಥವನೇ ಬೇಕಾಗಿತ್ತು. ಆದರೆ ಚಾವಿ ಕೈಗೆ ಬಂದ ಮೇಲೆ ಅವನು ಅದನ್ನು ತನ್ನ ಹಿಂಡಿಗೇ ಮೊದಲು ತಿರುಗಿಸತೊಡಗಿದ. ಕುರಿ ಕುಡಿದು, ಮೈ ತೊಳೆದು, ಮಿಕ್ಕ ನೀರಿಗೆ ಹೆಂಗಸರು ಬಿಸಿಲಿನಲ್ಲಿ ಕೊಡ ಹಿಡಿದು ಪಾಳಿ ನಿಲ್ಲಬೇಕು. ನೂಕಾಟದಲ್ಲಿ ಒಬ್ಬಳ ಮಣಿಕಟ್ಟು ಮುರಿಯಿತು. ಒಬ್ಬಳು ಇನ್ನೊಬ್ಬಳ ಕಿವಿಯ ಓಲೆ ಹಿಡಿದೆಳೆದು ಕಿವಿ ಹರಿಯಿತು. ಒಂದು ದಿನ ನಾನು ಹೋದಾಗ ಅವರೆಲ್ಲ ಬಂದು ಖಾಲಿ ಕೊಡಗಳನ್ನು ನನ್ನ ಮೋಟರ್‌ಸೈಕಲ್ಲಿನ ಮುಂದೆ ಅಡ್ಡ ಇಟ್ಟರು.

"ಸಾಹೇಬ್ರ, ನೀವು ನೀರ ತಂದ್ರಿ, ಭಾಳ ಚಲೋ ಆತು," ಎಂದಳು ಅವರಲ್ಲಿ ಎಲ್ಲರಿಗಿಂತ ಹಿರಿಯಳಾದ ಮುದುಕಿ. "ಮೊದಲ ದೂರ ಹೋಗಿ ತರತಿದ್ವಿ. ಈಗ ಮನಿ ಮುಂದ ನಿಂತು ಸಾಯ್ತೀವಿ. ಇಷ್ಟ ಫರಕ ನೋಡ್ರಿ."

ನಾನು ಹೋಗಿ ಅವನ ಕೈಯಿಂದ ಚಾವಿ ಕಿತ್ತುಕೊಂಡೆ. ಅವನು ನನ್ನ ಕಾಲರು ಹಿಡಿದು ಗೋಡೆಗೆ ಅಪ್ಪಳಿಸಿದ. ಮಿಸ್ತ್ರಿ ನಡುವೆ ಬಂದು ಒಂದು ದಾರಿ ತೆಗೆದ: ಚಾವಿ ಅವನ ಮನೆಯಲ್ಲೇ ಇರಲಿ, ಆದರೆ ಅವನ ತಂಗಿಯ ಕೈಯಲ್ಲಿ. ಕುರಿಗಾರನಿಗೆ ನಗೆ ಬಂತು.

"ಆತು ಬಿಡ. ನನ್ನ ಮನ್ಯಾಗ ಇರತದಲ್ಲ, ಮತ್ತೇನ!" ಎಂದ.

ತಂಗಿ ಗಂಡನ ಮನೆ ಬಿಟ್ಟು ಬಂದವಳು. ಬಿಟ್ಟು ಬಂದವಳೆಂದರೆ ತಪ್ಪಾದೀತು, ಹೊರಗೆ ಬಿದ್ದವಳು. ಗಂಡ ಒನಕೆಯಿಂದ ಸೊಂಟಕ್ಕೆ ಹೊಡೆದಿದ್ದ. ಎಲುಬು ಹೇಗೋ ಕೂಡಿಕೊಂಡು ಒಂದು ಕಾಲು ಎಳೆಯುತ್ತಾ ನಡೆಯುತ್ತಿದ್ದಳು. ಅಣ್ಣನ ಮನೆಯಲ್ಲಿ ಉಣ್ಣುವಾಗೆಲ್ಲ ತಲೆ ತಗ್ಗಿಸಿ ಉಣ್ಣುತ್ತಿದ್ದಳು. ಚಾವಿ ಕೈಗೆ ಕೊಟ್ಟಾಗ ಸೊಂಟದ ದಾರಕ್ಕೆ ಕಟ್ಟಿಕೊಂಡಳು. ಮರುದಿನ ಬೆಳಿಗ್ಗೆ ಅಣ್ಣ ತನ್ನ ಹಿಂಡು ಹೊಡೆದುಕೊಂಡು ದೋಣಿಯ ಹತ್ತಿರ ಬಂದು ನೀರು ಬಿಡು ಎಂದ.

"ಪಾಳಿ ಬರ್ಲಿ, ಅಣ್ಣಾ," ಎಂದಳು.

ಅವನು ಕೆನ್ನೆಗೆ ಬಾರಿಸಿದ. ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ಪಾಳಿಯಲ್ಲಿದ್ದ ಹೆಂಗಸರೆಲ್ಲ ನೋಡುತ್ತಿದ್ದರು, ಅವನು ಎರಡನೆಯ ಸಲ ಕೈ ಎತ್ತಲಿಲ್ಲ. ಆ ದಿನದಿಂದ ನೀರು ಪಾಳಿಯಂತೆ ಬಂತು.

ಈ ಕೆಲಸಕ್ಕೆ ಅವಳಿಗೆ ಪಗಾರವಿರಲಿಲ್ಲ. ಬಡಿಗನಿಗೆ, ಕಮ್ಮಾರನಿಗೆ ಸುಗ್ಗಿಯಲ್ಲಿ ಆಯ ಕೊಡುವಂತೆ ಮನೆಗಿಷ್ಟು ಜೋಳ, ಕತ್ತರಿಸಿದ ಉಣ್ಣೆಯಲ್ಲಿ ಇಷ್ಟು ಎಂದು ವಸ್ತಿಯವರೇ ಕೊಡತೊಡಗಿದರು. ಅವಳು ಟಾಕಿಯ ಪಕ್ಕದಲ್ಲೇ ಒಂದು ಗುಡಿಸಲು ಹಾಕಿಕೊಂಡು ತನ್ನ ಜೋಳದ ರೊಟ್ಟಿ ತಾನು ಬಡಿದು ತಿಂದಳು. ದಿನಾ ಬೆಳಿಗ್ಗೆ ಕಬ್ಬಿಣದ ಪೈಪಿನ ತುದಿಗೆ ಹಳೆ ಅರಿವೆ ಸುತ್ತಿ ಪ್ಲೇಟು ಒರೆಸುತ್ತಿದ್ದಳು. ಬ್ಯಾಟರಿಗೆ ಬೋರಿನ ಉಪ್ಪುನೀರು ಸುರಿಯಬಾರದು, ನಾನು ಡಬ್ಬಿಯಲ್ಲಿ ತಂದುಕೊಟ್ಟ ನೀರನ್ನೇ ಹಾಕಬೇಕು ಎಂಬುದನ್ನು ಮೂರು ಊರಿನ ಗಂಡಸರಿಗೆ ಗಂಟಲು ಹರಿಯುವಂತೆ ಹೇಳಿ ಸೋತಿದ್ದೆ. ಇವಳಿಗೆ ಒಂದು ಸಲ ಹೇಳಿದೆ. ಆ ಗುಡಿಸಲು, ಆ ಚಾವಿ, ಆ ಆಯ, ಇಷ್ಟೇ ಅವಳನ್ನು ಗಂಡನ ಒನಕೆಯಿಂದ ದೂರ ಇಟ್ಟದ್ದು. ವಸ್ತಿಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು.

ಇನ್ನು ಟಗರಿನ ಮಾತು. ಮಾಡಗ್ಯಾಳದ ಕುರಿಗೆ ಕೋಡಿಲ್ಲ. ಕಾಳಗಕ್ಕೆ ಕೋಡು ಬೇಕು, ಅದಕ್ಕೆ ಅಣ್ಣ ವಿಜಾಪುರದ ಕಡೆಯಿಂದ ಒಂದು ಕರಿ ಟಗರು ತಂದು ಸಾಕಿದ್ದ. ಕೋಡು ಎರಡು ಸುತ್ತು ಸುತ್ತಿಕೊಂಡು ಕೆನ್ನೆಯವರೆಗೆ ಬಂದಿದ್ದವು. ಅದಕ್ಕೆ ಹಾಲು, ಮೊಟ್ಟೆ, ನೆನೆಸಿದ ಹುರುಳಿ. ಮಕ್ಕಳಿಗಿಲ್ಲದ ಉಪಚಾರ. ನಾನೊಮ್ಮೆ ಅದರ ಕಾಳಗ ನೋಡಿದ್ದೇನೆ, ಇನ್ನೊಮ್ಮೆ ನೋಡುವ ಆಸೆಯಿಲ್ಲ. ಎರಡೂ ಟಗರುಗಳು ಹಿಂದೆ ಹಿಂದೆ ಸರಿಯುತ್ತವೆ, ನಿಂತು ಒಂದನ್ನೊಂದು ಕಣ್ಣಿಟ್ಟು ನೋಡುತ್ತವೆ, ಆಮೇಲೆ ಓಡಿ ಬಂದು ತಲೆಗೆ ತಲೆ. ಆ ಸದ್ದು ನಿಮ್ಮ ಹಲ್ಲಿನೊಳಗೆ ಕೇಳುತ್ತದೆ. ಎದುರಿನ ಟಗರಿನ ಮೂಗು, ಕಿವಿಯಿಂದೆಲ್ಲ ರಕ್ತ ಇಳಿಯಿತು; ಅದು ಮೊಣಕಾಲೂರಿದರೂ ಇದು ಬಿಡಲಿಲ್ಲ, ಕುತ್ತಿಗೆ ಮುರಿಯುವ ತನಕ ಗುದ್ದಿತು. ಅಣ್ಣ ಅದರ ರಕ್ತದ ಮೂತಿಗೆ ಮುತ್ತು ಕೊಟ್ಟು ಅತ್ತ. ಆ ಪ್ರಾಣಿಗೆ ಕಲಿಸಿದ್ದು ಒಂದೇ ಪಾಠ. ಎದುರಿಗೆ ನಿಂತು ಕಣ್ಣಿಗೆ ಕಣ್ಣು ಕೊಡುವ ಟಗರು ಕಂಡರೆ ಗುದ್ದು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಣ್ಣ ಮಾಡಗ್ಯಾಳದ ಸಂತೆಗೆ ಹೊರಟಿದ್ದ. ಟಗರು ಗೂಟ ಕಿತ್ತುಕೊಂಡು ದೋಣಿಗೆ ನೀರು ಕುಡಿಯಲು ಬಂತು. ಗಾಳಿಗೆ ಬೇಲಿಯ ಮುಳ್ಳು ಸರಿದು ಒಂದು ಕಡೆ ಸಂದಿ ಬಿದ್ದಿತ್ತು. ಅದು ಒಳಗೆ ಹೊಕ್ಕು ಪ್ಲೇಟುಗಳ ಮುಂದೆ ನಿಂತಿತು. ಆಗಷ್ಟೇ ಒರೆಸಿದ ಗಾಜು, ಒಳಗೆ ಕಡು ನೀಲಿ ಬಣ್ಣ, ಕನ್ನಡಿಗಿಂತ ಸ್ಪಷ್ಟ. ಒಳಗೊಂದು ಕರಿ ಟಗರು ಇದನ್ನೇ ದುರುಗುಟ್ಟಿ ನೋಡುತ್ತಿತ್ತು.

ಪ್ಲೇಟು ಕೆಳಗಿಟ್ಟರೆ ಕುರಿ ಕೆರೆದುಕೊಳ್ಳಬಹುದು, ಮಕ್ಕಳು ಕಲ್ಲೆಸೆಯಬಹುದು, ಗಾಳಿಗೆ ಮುಳ್ಳು ಹಾರಿ ಬೀಳಬಹುದು, ಎಲ್ಲವನ್ನೂ ನಾವು ಕೂತು ಯೋಚಿಸಿದ್ದೆವು. ವಸ್ತಿಯ ಹಿರಿಯರೂ ಯೋಚಿಸಿದ್ದರು. ಕಾಳಗದ ಟಗರನ್ನು ಸಾಕುವ ಊರಿನಲ್ಲಿ ಸಾಲಾಗಿ ಕನ್ನಡಿ ನಿಲ್ಲಿಸುತ್ತಿದ್ದೇವೆ ಎಂದು ಯಾರೊಬ್ಬರ ತಲೆಗೂ ಹೊಳೆಯಲಿಲ್ಲ.

ಟಗರು ಹಿಂದೆ ಸರಿಯಿತು. ಒಳಗಿನದೂ ಸರಿಯಿತು. ಆಮೇಲೆ ಓಡಿ ಬಂದು ಗುದ್ದಿತು. ಆ ಗಾಜು ಒಡೆದರೂ ಉದುರುವುದಿಲ್ಲ, ನುಚ್ಚುನುಚ್ಚಾಗಿ ಅಲ್ಲೇ ಅಂಟಿಕೊಂಡು ಬೆಳ್ಳಗಾಗುತ್ತದೆ. ಒಳಗಿನ ವೈರಿ ಸತ್ತ ಎಂದುಕೊಂಡು ಇದು ಪಕ್ಕಕ್ಕೆ ನೋಡಿದರೆ ಅಲ್ಲೊಬ್ಬ ನಿಂತಿದ್ದಾನೆ. ಅವನಿಗೂ ಗುದ್ದಿತು. ಅದರಾಚೆ ಇನ್ನೊಬ್ಬ. ಪಾಪ, ಅದರ ಜೀವಮಾನದಲ್ಲಿ ಅಷ್ಟು ವೈರಿಗಳು ಒಮ್ಮೆಲೇ ಸಿಕ್ಕಿರಲಿಲ್ಲ. ತಂಗಿ ಗುಡಿಸಲಿನಿಂದ ಕಾಲೆಳೆಯುತ್ತಾ ಬರುವುದರೊಳಗೆ ಅರ್ಧ ಸಾಲು ಮುಗಿದಿತ್ತು. ಅವಳು ಕೂಗಿದಳು, ಮಣ್ಣೆರಚಿದಳು, ಬಾಲ ಹಿಡಿದು ಜಗ್ಗಿದಳು. ಅದು ತಿರುಗಿ ಅವಳನ್ನೂ ಕೆಡವಿತು. ಕೆಳಗೆ ಬಿದ್ದವಳಿಗೆ ಕೈಗೆ ಸಿಕ್ಕಿದ್ದು ಒರೆಸುವ ಪೈಪು. ಅದು ಮುಂದಿನ ಪ್ಲೇಟಿಗೆ ಓಡುವಾಗ ಅಡ್ಡ ಬಂದು ತಲೆಗೆ ಬೀಸಿದಳು. ಏಟು ಕಣ್ಣಿಗೆ ಬಿತ್ತು, ಕಣ್ಣು ಒಡೆಯಿತು. ಟಗರು ಸುತ್ತು ತಿರುಗಿ ಅಲ್ಲೇ ಕುಸಿದು ಅರಚತೊಡಗಿತು.

ಕೂಗು ಕೇಳಿ ಅಣ್ಣ ವಸ್ತಿಯ ಅಂಚಿನಿಂದಲೇ ತಿರುಗಿ ಓಡಿ ಬಂದ. ಒಂದು ಕಣ್ಣಿನ ಟಗರು ಕಾಳಗಕ್ಕೆ ಬಾರದು, ಪಕ್ಕದಿಂದ ಬರುವ ಏಟು ಅದಕ್ಕೆ ಕಾಣುವುದಿಲ್ಲ. ಅವನು ತಂಗಿಯ ಕೈಯ ಪೈಪು ಕಸಿದುಕೊಂಡು ಅದರಿಂದಲೇ ಹೊಡೆದ. ಬೆನ್ನಿಗೆ, ತೋಳಿಗೆ, ಮುರಿದು ಕೂಡಿದ ಅದೇ ಸೊಂಟಕ್ಕೆ. ಗಂಡಸರು ಬಿಡಿಸುವ ಹೊತ್ತಿಗೆ ಅವಳ ತಲೆ ಒಡೆದು ಮುಖವೆಲ್ಲ ರಕ್ತವಾಗಿತ್ತು.

ಸುದ್ದಿ ಸಿಕ್ಕಿ ನಾನೂ ಮಿಸ್ತ್ರಿಯೂ ಹೋದೆವು. ಉಳಿದ ಪ್ಲೇಟುಗಳ ಬಲದಿಂದ ಪಂಪು ಹೇಗೋ ಏದುಸಿರು ಬಿಡುತ್ತಾ ನೀರೆತ್ತುತ್ತಿತ್ತು, ದೀಪ ಉರಿಸುವಷ್ಟು ಉಳಿಯುತ್ತಿರಲಿಲ್ಲ. ತಂಗಿ ತಲೆಗೆ ಅರಿವೆ ಸುತ್ತಿಕೊಂಡು ಕೂತಿದ್ದಳು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ನನ್ನನ್ನು ಕಂಡು ಮೊದಲು ಹೇಳಿದ್ದು, "ಉಳದದ್ದ ಒರಸೇನ್ರಿ ಸಾಹೇಬ್ರ." ನೆಟ್ಟಗೆ ಅಣ್ಣನ ಅಂಗಳಕ್ಕೆ ಹೋದೆ. ಅವನು ಟಗರಿನ ಕಣ್ಣಿನ ಗುಳಿಗೆ ಅರಿಶಿನ, ಬೆಣ್ಣೆ ತುಂಬುತ್ತಿದ್ದ.

"ಮನಶ್ಯಾನೋ ಏನ್ ದನಾನೋ ನೀ?" ಎಂದೆ. "ಒಡಹುಟ್ಟಿದಾಕಿನ್ನ ಪೈಪ್‌ಲೆ ಹೊಡೀತಿ?"

"ನಿನ್ನ ಗಾಜ ನನ್ನ ಟಗರಿಗೆ ಹುಚ್ಚ ಹಿಡಿಸ್ತು, ಈಕಿ ಅದರ ಕಣ್ಣ ತಗದಳು," ಎಂದು ಅವನು ಎದ್ದು ನಿಂತ. "ಇನ್ನ ನೀನು ಬಾಯಿ ತಗದಿ ಅಂದ್ರ ನಿನ್ನ ಕಣ್ಣೂ ತಗೀತೀನಿ, ಸಾಹೇಬ."

ನಾನು ಬಾಯಿ ತೆಗೆದೆ. ಅವನು ನನ್ನನ್ನು ಎತ್ತಿ ದೋಣಿಯೊಳಗೆ ಒಗೆದ. ದೋಣಿಯ ಕಲ್ಲು ತಾಗಿ ಪಕ್ಕೆಲುಬು ಬಿರುಕು ಬಿಟ್ಟಿತು. ಮಿಸ್ತ್ರಿ ನನ್ನನ್ನು ಎಳೆದು ಕೂರಿಸಿ, "ಚುಪ್ ಬೈಠೋ! ಕೈಕು ಮರ್‌ನೇಕು ಜಾತೆ?" ಎಂದು, ಸುಮ್ಮನೆ ಕೂರದೆ ಸಾಯಲು ಯಾಕೆ ಹೊರಟೆ ಎಂದು, ದಖನಿಯಲ್ಲಿ ಬೈದ. ಉಸಿರೆಳೆದಾಗೆಲ್ಲ ನೋವು, ಅದಕ್ಕೇ ಸುಮ್ಮನೆ ಕೂತೆ.

ಆ ಸಂಜೆ ಟಾಕಿಯ ನೆರಳಿನಲ್ಲಿ ಪಂಚರು ಸೇರಿದರು. ಅವರ ತೀರ್ಪು ಸರಳವಾಗಿತ್ತು. ಉಳಿದ ಪ್ಲೇಟು, ಹೊಸದಾಗಿ ಬರುವ ಪ್ಲೇಟು ಎಲ್ಲವನ್ನೂ ಎತ್ತರದ ಕಂಬಕ್ಕೆ ಏರಿಸಬೇಕು. ನಾನು ಗೋಡೆ ಕಟ್ಟೋಣ ಎಂದೆ. ಸೊಂಟದೆತ್ತರದ ಕಲ್ಲಿನ ಗೋಡೆ ಸಾಕು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗಲೂ ಅದರ ನೆರಳು ಗಾಜಿನ ಮೇಲೆ ಬೀಳದಷ್ಟು ದೂರದಲ್ಲಿ ಕಟ್ಟಿದರೆ ಯಾವ ಟಗರಿಗೂ ಯಾವ ವೈರಿಯೂ ಕಾಣುವುದಿಲ್ಲ. ಕಲ್ಲಿಗೇನು ಕೊರತೆ, ಆ ಮಾಳದಲ್ಲಿ ಬೆಳೆಯುವುದೇ ಕಲ್ಲು.

"ಕಲ್ಲ ಯಾರ ಹೊರಬೇಕ್ರಿ?" ಎಂದ ಒಬ್ಬ ಹಿರಿಯ. "ಮಳಿ ಹತ್ರ ಬಂತು. ಉಣ್ಣಿ ಕತ್ತರಸೂದು ಹಂಗ ಉಳದೈತಿ. ಏರಸೂದಂದ್ರ ಒಂದ ದಿನದ ಕೆಲಸ."

"ಏರಸಿದ್ರ ಒರಸವ್ರು ಯಾರು? ಆಕಿಗೆ ಏಣಿ ಹತ್ತಾಕ ಬರಂಗಿಲ್ಲ, ನಿಮಗ ಗೊತ್ತಿಲ್ಲೇನು?" ಎಂದೆ ನಾನು.

"ನಾ ಒರಸ್ತೀನಿ," ಎಂದ ಅಣ್ಣ. "ಚಾವಿ ನನ್ನ ಕೈಯಾಗ ಕೊಡ್ರಿ. ಆಕಿ ಗಂಡಗ ಹೇಳಿ ಕಳಿಸೀನಿ, ಬರೂ ಸಂತಿ ದಿನ ಬಂದು ಕರಕೊಂಡ ಹೋಗ್ತಾನ."

ಪಂಚರು ಎಲೆ ಅಡಿಕೆ ಜಗಿಯುತ್ತಾ ಕೂತರು. ಎಲ್ಲರೂ ಒಳ್ಳೆಯ ಜನವೇ. ತಂಗಿಗೆ ಕೇಡು ಬಗೆಯಬೇಕೆಂದು ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಅವರ ಪಾಲಿಗೆ ಅದು ಕಂಬದ ಮಾತು, ಅಷ್ಟೇ. ನನ್ನ ಸಿಟ್ಟೆಲ್ಲ ಆ ಸುಮ್ಮನಿರುವಿಕೆಯ ಮೇಲೆ. ಹೊಡೆಯುವವನನ್ನಾದರೂ ತಿರುಗಿ ಹೊಡೆಯಬಹುದು, ಸುಮ್ಮನೆ ಎಲೆ ಅಡಿಕೆ ಜಗಿಯುವವರನ್ನು ಏನು ಮಾಡುವುದು?

ಸಂತೆಯ ದಿನ ನಾವಿಬ್ಬರೂ ಮತ್ತೆ ಹೋದೆವು. ಕಂಬಕ್ಕೆ ಬೇಕಾದ ಪೈಪು ತಂದಿರಲಿಲ್ಲ, ಗೋಡೆಯ ಗುರುತು ಹಾಕಲು ದಾರ, ಗೂಟ ತಂದಿದ್ದೆವು. ಪಂಚರ ಕಾಲಿಗಾದರೂ ಬಿದ್ದು ಒಪ್ಪಿಸುತ್ತೇನೆ ಎಂದು ದಾರಿಯುದ್ದಕ್ಕೂ ಮಿಸ್ತ್ರಿಗೆ ಹೇಳುತ್ತಾ ಹೋದೆ. ನೀನು ಕಾಲಿಗೆ ಬಿದ್ದರೂ ಕಚ್ಚುವುದಕ್ಕೇ ಬಿದ್ದೆ ಎಂದುಕೊಳ್ಳುತ್ತಾರೆ ಎಂದು ಅವನು ನಕ್ಕ.

ನಾವು ತಲುಪುವ ಹೊತ್ತಿಗೆ ತಂಗಿಯ ಗಂಡ ಬಂದಾಗಿತ್ತು, ಜೊತೆಗೆ ಅವನ ತಮ್ಮ. ಇಬ್ಬರೂ ಒಂದೇ ಮೋಟರ್‌ಸೈಕಲ್ಲಿನಲ್ಲಿ ಬಂದಿದ್ದರು. ವಾಲ್ವು ಬಿಡುವ ಹೊತ್ತು. ಹೆಂಗಸರು ಕೊಡ ಹಿಡಿದು ಪಾಳಿಯಲ್ಲಿದ್ದರು. ಅಣ್ಣ ತಂಗಿಯ ಸೊಂಟಕ್ಕೆ ಕೈ ಹಾಕಿ ದಾರದ ಸಮೇತ ಚಾವಿ ಕಿತ್ತುಕೊಂಡ.

"ಕರಕೊಂಡ ಹೋಗ್ರಿ ಮಾವ," ಎಂದ ಗಂಡನಿಗೆ.

ಗಂಡ ಅವಳ ಜಡೆ ಹಿಡಿದು ಎಳೆದ. ಅವಳು ಪ್ಲೇಟಿನ ಸ್ಟ್ಯಾಂಡಿನ ಕಾಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಅವನ ತಮ್ಮ ಅವಳ ಬೆರಳುಗಳ ಮೇಲೆ ಬೂಟುಗಾಲಿನಿಂದ ತುಳಿದ. ಅವಳು ಕಿರುಚಿದಳು, ಕೈ ಬಿಡಲಿಲ್ಲ. ಅವನು ಇನ್ನೊಮ್ಮೆ ಕಾಲೆತ್ತಿದ. ಪಂಚರು ಅಲ್ಲೇ ನಿಂತಿದ್ದರು, ಗಂಡ ಹೆಂಡಿರ ವಿಷಯ ಎಂದು ಯಾರೋ ಗೊಣಗಿದ್ದೂ ನನಗೆ ಕೇಳಿಸಿತು. ನಾನು ಗೂಟಗಳನ್ನು ಬಿಸಾಡಿ ಓಡಿಹೋಗಿ ಆ ತಮ್ಮನ ಮೂತಿಗೆ ಗುದ್ದಿದೆ. ಸುಳ್ಳೇಕೆ, ಬಲು ಹಿತವಾಯಿತು. ಅಷ್ಟರಲ್ಲಿ ಅಣ್ಣ ನನ್ನನ್ನು ಹಿಂದಿನಿಂದ ಹಿಡಿದ, ಬಿರುಕುಬಿಟ್ಟ ಪಕ್ಕೆಲುಬನ್ನೇ ಅದುಮಿದ. ನನ್ನ ಕಣ್ಣು ಕತ್ತಲಿಟ್ಟಿತು. ಮಿಸ್ತ್ರಿ "ಛೋಡೋ ರೇ, ಛೋಡೋ ಉನ್ಕು!" ಎಂದು ನನ್ನನ್ನು ಬಿಡಿಸಲು ಅರಚುತ್ತಾ ಅವನ ಬೆನ್ನಿಗೆ ಜೋತುಬಿದ್ದ.

ಆಗ ಒಂದು ಸದ್ದಾಯಿತು. ಖಾಲಿ ತಾಮ್ರದ ಕೊಡ ಎಲುಬಿಗೆ ಬಡಿದ ಸದ್ದು. ಅಣ್ಣ ನನ್ನನ್ನು ಬಿಟ್ಟು ತೋಳು ಹಿಡಿದುಕೊಂಡು ಕುಕ್ಕರಿಸಿದ. ಹಿಂದೆ ನಿಂತವಳು ಅವನ ಹೆಂಡತಿ. ಅವಳನ್ನು ಅಲ್ಲಿಯವರೆಗೆ ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಎಷ್ಟೋ ಸಲ ನನಗೆ ಚಹಾ ಕೊಟ್ಟಿದ್ದಳು, ಸೆರಗು ಹಣೆಯ ಕೆಳಗೆ ಬರುವಷ್ಟು ಎಳೆದುಕೊಂಡೇ. ಈಗ ಸೆರಗು ಎಲ್ಲೋ ಬಿದ್ದಿತ್ತು. ಅವಳು ಕೊಡವನ್ನು ಎರಡೂ ಕೈಯಿಂದ ಎತ್ತಿ ಇನ್ನೊಂದು ಏಟು ಹಾಕಿದಳು.

ಮಿಕ್ಕವರಿಗೆ ಅಷ್ಟೇ ಸಾಕಾಯಿತು. ಪಾಳಿಗೆ ಪಾಳಿಯೇ ನುಗ್ಗಿತು. ಕೊಡ, ತಂಬಿಗೆ, ದೋಣಿಯ ಹತ್ತಿರದ ಕಲ್ಲು, ಬೇಲಿಯ ಮುಳ್ಳು, ಕೈಗೆ ಸಿಕ್ಕಿದ್ದೆಲ್ಲ. ಗಂಡನ ಮುಂದಿನ ಹಲ್ಲು ಉದುರಿದ್ದನ್ನು ಕಂಡೆ. ಅವನ ತಮ್ಮನನ್ನು ಕೆಡವಿ ಆ ಮುದುಕಿ ಅವನ ಎದೆಯ ಮೇಲೆ ಕೂತು ಕಿವಿ ಹಿಂಡುತ್ತಿದ್ದಳು. ಅಡ್ಡ ಬಂದ ಪಂಚರೊಬ್ಬರಿಗೆ ಸ್ವಂತ ಸೊಸೆಯ ಕೊಡ ಬಿತ್ತು. ಆ ಗದ್ದಲದಲ್ಲಿ ಪ್ಯಾಂಟು ಹಾಕಿದವರೆಲ್ಲ ಒಂದೇ ಕುಲದವರಂತೆ ಕಂಡರೇನೋ, ನನ್ನ ಹಣೆಗೂ ಒಂದು ಬಿದ್ದು ಚರ್ಮ ಸೀಳಿತು. ಆ ಗಾಯದ ಗುರುತು ಇನ್ನೂ ಇದೆ. ಯಾರು ಕೇಳಿದರೂ, ನಮ್ಮ ಪಕ್ಷದವರೇ ಹೊಡೆದದ್ದು ಎಂದು ಹೇಳಿಕೊಳ್ಳುತ್ತೇನೆ.

ಗಂಡನೂ ತಮ್ಮನೂ ಓಡಿದರು. ಮೋಟರ್‌ಸೈಕಲ್ಲು ಬೇಗ ಶುರುವಾಗಲಿಲ್ಲ. ಅದನ್ನು ಒದೆಯುತ್ತಿದ್ದಷ್ಟು ಹೊತ್ತೂ ಅವರ ಬೆನ್ನ ಮೇಲೆ ಕಲ್ಲು ಬಿದ್ದವು. ಅವರು ಕಣ್ಮರೆಯಾದ ಮೇಲೆ ಮುದುಕಿ ಏದುಸಿರು ಬಿಡುತ್ತಾ ಪಂಚರ ಮುಂದೆ ಬಂದು ನಿಂತಳು.

"ಪ್ಲೇಟ ಎಲ್ಲಿ ಅದಾವೋ ಅಲ್ಲೇ ಇರತಾವ," ಎಂದಳು. "ಗ್ವಾಡಿಗೆ ಕಲ್ಲ ನಾವ್ ಹೊರತೀವಿ. ನೀವು ಕುಂತ ನೋಡ್ರಿ, ನಿಮಗ ರೂಢಿ ಐತಿ."

ಪಂಚರಲ್ಲಿ ಒಬ್ಬ ಹೋಗಿ ಧೂಳಿನಲ್ಲಿ ಬಿದ್ದಿದ್ದ ಚಾವಿಯನ್ನು ಹೆಕ್ಕಿ, ಧೋತರಕ್ಕೆ ಒರೆಸಿ ತಂಗಿಯ ಮುಂದೆ ಹಿಡಿದ. ಅವಳ ಬಲಗೈಯ ಬೆರಳುಗಳು ಊದಿ ಮಡಚದಂತಾಗಿದ್ದವು. ಎಡಗೈಯಿಂದ ತೆಗೆದುಕೊಂಡು ವಾಲ್ವು ತಿರುಗಿಸಿದಳು. ಹೊತ್ತು ಮೀರಿತ್ತು. ನೆಗ್ಗಿದ ಕೊಡಗಳು ಮತ್ತೆ ಸಾಲಾದವು, ಕೆಲವುಗಳ ಅಂಚಿಗೆ ಕೂದಲು ಅಂಟಿತ್ತು.

ಮಿಸ್ತ್ರಿ ತನ್ನ ಟವೆಲ್ಲು ಹರಿದು ನನ್ನ ಹಣೆಗೆ ಕಟ್ಟಿದ. ನಾವು ದೋಣಿಯ ಒಂದು ತುದಿಯಲ್ಲಿ ಕೂತಿದ್ದೆವು. ಇನ್ನೊಂದು ತುದಿಗೆ ಅಣ್ಣ ಬಂದು ಕೂತ. ಒಂದು ತೋಳು ಜೋತುಬಿದ್ದಿತ್ತು, ಎಲುಬು ಮುರಿದಿತ್ತು. ಬಾಯಾರಿದ್ದ. ಇನ್ನೊಂದು ಕೈಯನ್ನು ನಳದ ಕೆಳಗೆ ಒಡ್ಡಿದ. ತಂಗಿ ಅವನ ಮುಖ ನೋಡದೆ ನಳ ಬಿಟ್ಟಳು.

"ಅವ ಮತ್ತ ಬರತಾನ," ಎಂದ ಅವನು. ಆ ಮಾತಿನಲ್ಲಿ ಹೆದರಿಸುವುದಿತ್ತೋ, ಕಾಳಜಿಯಿತ್ತೋ, ಅವನಿಗೂ ತಿಳಿದಿರಲಿಕ್ಕಿಲ್ಲ.

"ಬರ್ಲಿ," ಎಂದಳು ತಂಗಿ. "ಪಾಳಿ ಹಚ್ಚಿ ನಿಂತಾರ."

ಮಿಸ್ತ್ರಿ ಗಹಗಹಿಸಿ ನಕ್ಕ. ನನಗೂ ನಗೆ ಬಂತು, ಪಕ್ಕೆಲುಬು ನೋಯಿತು. ಮೊದಲ ಕೊಡ ತುಂಬಿಸಿಕೊಳ್ಳುತ್ತಿದ್ದವಳು ಅಣ್ಣನ ಹೆಂಡತಿಯೇ. ಸೆರಗನ್ನು ಮತ್ತೆ ಹಣೆಗೆ ಎಳೆದುಕೊಂಡಿದ್ದಳು. ನಾನು ಅವಳನ್ನು ಕೆಣಕಿದೆ.

"ಏನವ್ವಾ, ಎಲ್ಲಾರಿಗಿಂತ ಮೊದಲ ನಿಮ್ಮ ಯಜಮಾನ್ರಿಗೇ ಹಾಕಿದ್ರಲ್ಲ? ನಾದಿನಿ ಮ್ಯಾಲ ಅಷ್ಟ ಪ್ರೀತಿ-ಮಾಯಾ ಏನು?"

ಅವಳು ತುಂಬುತ್ತಿದ್ದ ಕೊಡದಿಂದ ಕಣ್ಣು ತೆಗೆಯಲಿಲ್ಲ.

"ಮಾಯಾ ಅಲ್ರಿ ಸಾಹೇಬ್ರ," ಎಂದಳು. "ಇವರ ಕೈಯಾಗ ಚಾವಿ ಇದ್ದಾಗ ನನಗ ಎಂಟ ತಿಂಗಳಾಗಿತ್ತು. ಟಗರಿನ ಮೈ ತೊಳದ ಆಗೂತನಾ ನೀರ ಬಿಡಂಗಿಲ್ಲ ಅಂದ್ರು. ಹೆಂಡತಿಗೆ ಮೊದಲ ಬಿಟ್ರ ಮಂದಿ ಏನಂತಾರ ಅಂದ್ರು. ಬಿಸಲಾಗ ನಿಂತ ನಿಂತ ಇಲ್ಲೇ ಬಿದ್ನಿ. ಕೂಸು ಉಳೀಲಿಲ್ಲ. ಯಾಕ ಹೋತು ಅಂತ ಇವರು ಕೇಳ್ಲೂ ಇಲ್ಲ, ನಾ ಹೇಳ್ಲೂ ಇಲ್ಲ. ಈಕಿ ಕೈಯಾಗ ಚಾವಿ ಬಂದ ದಿನಾನ ಬಸರಿ ಹೆಣ್ಣಮಕ್ಕಳಿಗೆ ಮೊದಲ ಕೊಡ ಅಂತ ಮಾಡಿದಳು." ಕೊಡ ತುಂಬಿತು. ಅವಳು ಅದನ್ನು ಎತ್ತದೆ ಪಕ್ಕಕ್ಕೆ ಸರಿಸಿದಳು. "ಈಗ ನಾ ಮತ್ತ ಬಸರ ಅದೀನ್ರಿ. ಅದಕ್ಕ ಹೊಡದ್ನಿ."

ಅಣ್ಣ ಬಾಯಿಯ ಹತ್ತಿರ ಒಯ್ದಿದ್ದ ಕೈಯನ್ನು ಹಾಗೆಯೇ ಇಳಿಸಿದ. ನೀರು ಬೆರಳ ಸಂದಿಯಿಂದ ಸೋರಿಹೋಯಿತು. ಹೆಂಡತಿಯ ಕಡೆ ನೋಡಿದ, ಅವಳು ನೋಡಲಿಲ್ಲ. ಆಮೇಲೆ ಎದ್ದು, ಮುರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಹೆಂಗಸರ ಪಾಳಿಯ ಕೊನೆಗೆ ಹೋಗಿ ನಿಂತ.